ಕಡಲ ಕಡೆಯವಳು

ಸೂರತ್ತಿನ ಅಡಾಜಣ್ ಕಡೆಯ ಕನ್ನಡದವರಲ್ಲಿ ಸಮುದ್ರದ ಯಾವ ಮಾತು ಎದ್ದರೂ ಕೊನೆಗೆ ಅದು ಕಮಲಾಕ್ಷಿಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿದೆಯಂತೆ, ಇತ್ತ ಬರುತ್ತದೋ ಒಮಾನಿನತ್ತ ಹೋಗುತ್ತದೋ? ಕಮಲಾಕ್ಷಿಯನ್ನು ಕೇಳಿ. ಡುಮಸ್ ಬೀಚಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೋ? ಕಮಲಾಕ್ಷಿಯನ್ನು ಕೇಳಿ. ಅವಳು ಕುಂದಾಪುರದಾಚೆ ಕಡಲಿಗೆ ಮುಖ ಮಾಡಿ ನಿಂತ ಮನೆಯಲ್ಲಿ ಹುಟ್ಟಿದವಳು, ಅಪ್ಪ ಅಣ್ಣಂದಿರೆಲ್ಲ ದೋಣಿಯವರು. ಜನಕ್ಕೆ ಇನ್ನೇನು ಬೇಕು!

ಈ ಕೀರ್ತಿಯನ್ನು ಊರೆಲ್ಲ ಹಬ್ಬಿಸಿದವನು ಅವಳ ಗಂಡ ಗಿರಿಧರ. ಬ್ಯಾಂಕಿನಲ್ಲಿ ಅಧಿಕಾರಿ, ಊರು ಹಿರಿಯೂರು. ಚೊಂಬಿನಲ್ಲಿ ನೀರು ಅಳೆದು ಸ್ನಾನ ಮಾಡಿ ಬೆಳೆದ ಆಸಾಮಿ. ಹೆಣ್ಣು ನೋಡಲು ಹೋದ ದಿನವೇ ಅವನು ಮೊದಲ ಸಲ ಕಡಲನ್ನೂ ನೋಡಿದ್ದು. ಎರಡರಲ್ಲಿ ಯಾವುದನ್ನು ನೋಡಿ ಹೆಚ್ಚು ಬಾಯಿ ಬಿಟ್ಟ ಎಂದು ಅವನ ಭಾವಂದಿರು ಇವತ್ತಿಗೂ ರೇಗಿಸುತ್ತಾರೆ. ಸುನಾಮಿಯಿಂದ ಸಿಗಡಿಯವರೆಗೆ ಯಾರು ಏನೇ ಕೇಳಿದರೂ ಅವನದು ಒಂದೇ ಉತ್ತರ: “ನಮ್ಮ ಕಮಲಾ ಕಡಲ ಕಡೆಯವಳು ಕಣ್ರೀ, ಅವಳನ್ನ ಕೇಳಿ.”

ಕಮಲಾಕ್ಷಿ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. ಕಿಟಕಿಯಾಚೆ ಒಂದು ಗಳಿಗೆ ನೋಡಿ “ಕಾಂಬ” ಎನ್ನುತ್ತಿದ್ದಳು. ನೋಡೋಣ ಎಂದು ಅದರ ಅರ್ಥ. ಅಷ್ಟಕ್ಕೇ ಕೇಳಿದವರು ಸಮಾಧಾನವಾಗಿ ಹೋಗುತ್ತಿದ್ದರು. ನಿಜ ಸಂಗತಿ ಏನೆಂದರೆ, ಈ ಮಹಾತಾಯಿ ಹುಟ್ಟಿದಾಗಿನಿಂದ ಒಂದು ದೋಣಿಯಲ್ಲೂ ನೀರಿಗೆ ಇಳಿದವಳಲ್ಲ. ಅವಳ ಊರಿನಲ್ಲಿ ಹೆಂಗಸರು ದೋಣಿ ಹತ್ತುವ ಪದ್ಧತಿ ಇರಲಿಲ್ಲ. ಮೀನು ಆಯುವುದು, ಮಾರುವುದು, ಬಲೆ ಒಣಗಿಸುವುದು, ದಡದಲ್ಲಿ ನಿಂತು ಕಾಯುವುದು ಇವಿಷ್ಟೂ ಹೆಂಗಸರದು. ದೋಣಿ ಮಾತ್ರ ಗಂಡಸರದು. ಇದನ್ನು ಅವಳು ಮುಚ್ಚಿಟ್ಟದ್ದೇನಲ್ಲ, ಯಾರೂ ಕೇಳಿದ್ದೇ ಇಲ್ಲ. ಕಡಲ ಕಡೆಯವಳನ್ನು ‘ನೀನು ದೋಣಿಯಲ್ಲಿ ಹೋಗಿದ್ದೀಯಾ’ ಎಂದು ಯಾವ ಪುಣ್ಯಾತ್ಮ ಕೇಳುತ್ತಾನೆ?

ಹೀಗೆ ಸುಖವಾಗಿ ನಡೆದಿದ್ದ ಸಂಸಾರದಲ್ಲಿ ಮಗಳು ಸಂಜನಾ ಒಂದು ಬೆಂಕಿಕಡ್ಡಿ ಗೀರಿದಳು. ಅವಳು ವಡೋದರಾದಲ್ಲಿ ಓದುತ್ತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲೇ ಆದ್ದರಿಂದ ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತಿತ್ತು. ಅಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಅವಳಿಗೆ ಪ್ರಶಾಂತ್ ಮತ್ತು ಶ್ರುತಿ ಎಂಬ ದಂಪತಿಯ ಪರಿಚಯವಾಗಿತ್ತು. ಪ್ರಶಾಂತ್ ಕೊಯಾಲಿಯ ರಿಫೈನರಿಯಲ್ಲಿ ಎಂಜಿನಿಯರ್, ಧಾರವಾಡದವನು. ರಜೆ ಸಿಕ್ಕರೆ ಹಾಯಿದೋಣಿ ಓಡಿಸುವ ಹುಚ್ಚು ಅವನಿಗೆ. ಒಂದು ಜಲಾಶಯದಲ್ಲಿ ಕಲಿತು, ಸ್ನೇಹಿತರ ಜೊತೆ ಸೇರಿ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು, ಭರೂಚಿನ ಹತ್ತಿರ ನರ್ಮದೆಯ ದಡದಲ್ಲಿ ಕಟ್ಟಿಕೊಂಡಿದ್ದ.

ದೋಣಿ ಕೊಂಡವರಿಗೆ ಮುಂದಿನ ತಲೆನೋವು ಹೋಗುವುದೆಲ್ಲಿಗೆ ಎಂಬುದು. ಸುಮ್ಮನೆ ನೀರಲ್ಲಿ ಸುತ್ತು ಹೊಡೆದು ಬಂದರೆ ಎರಡೇ ವಾರದಲ್ಲಿ ಬೇಸರ ಬರುತ್ತದೆ. ಹೋಗಿ ಇಳಿಯುವುದಕ್ಕೆ ಒಂದು ದ್ವೀಪ ಬೇಕು. ಇವರ ತಂಡದವರು ಸೇರಿದಾಗಲೆಲ್ಲ ಅದೇ ಮಾತು. ಗುಜರಾತಿಗಳು ದ್ವೀಪಕ್ಕೆ ಬೇಟ್ ಎನ್ನುತ್ತಾರೆ. ಪೀರಮ್ ಬೇಟಿನಲ್ಲಿ ದೀಪಸ್ತಂಭವಿದೆ, ಆದರೆ ಸುತ್ತ ಸೆಳೆತ ಜೋರು. ಶಿಯಾಳ್ ಬೇಟಿನಲ್ಲಿ ಜನವಸತಿ ಇದೆ, ಹಳೆಯ ಕೋಟೆಯ ಗೋಡೆಯಿದೆ. ದೀವ್‌ನಲ್ಲಂತೂ ಊಟಕ್ಕೂ ನಿದ್ದೆಗೂ ಚಿಂತೆಯಿಲ್ಲ. ಮಾತಾಡಿ ಮಾತಾಡಿ, ಫೆಬ್ರವರಿಯಲ್ಲಿ ಭಾವನಗರದ ಗೆಳೆಯರೊಬ್ಬರ ದೊಡ್ಡ ದೋಣಿಯಲ್ಲಿ ಈ ಮೂರನ್ನೂ ಒಂದು ವಾರ ಸುತ್ತಿ ಬರುವುದೆಂದು ತೀರ್ಮಾನವಾಯಿತು. ಶ್ರುತಿಯೂ ಹೊರಟಿದ್ದಳು. ಸಂಜನಾಗೆ ತಾನೂ ಹೋಗಬೇಕು.

ಗಿರಿಧರ ಎಂದಿನಂತೆ ಕೈ ತೊಳೆದುಕೊಂಡ. “ಸಮುದ್ರದ ವಿಷಯ ನನಗೇನಮ್ಮ ಗೊತ್ತು? ನಿಮ್ಮಮ್ಮ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ.”

ಊಹೂಂ ಎನ್ನುವುದೆಂದು ಕಮಲಾಕ್ಷಿ ಆ ಕ್ಷಣವೇ ನಿಶ್ಚಯಿಸಿಬಿಟ್ಟಳು. ದೋಣಿ ಓಡಿಸುವವರಿಗೆ ಏನೇನು ಗೊತ್ತಿರುತ್ತದೋ ಅದೊಂದೂ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ: ಬರಬೇಕಾದ ದೋಣಿ ಹೊತ್ತಿಗೆ ಬಾರದಿದ್ದಾಗ ದಡದಲ್ಲಿ ನಿಂತವರ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದು. ಆ ಸಂಕಟವನ್ನು ಮಗಳಿಗಾಗಿ ಇನ್ನೊಮ್ಮೆ ಪಡುವ ಶಕ್ತಿ ತನಗಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಆದರೆ ಮಗಳು ಚಾಲಾಕಿ. “ಅಮ್ಮಾ, ಒಂದು ದಿನ ಬಾ. ನರ್ಮದಾ ಸಮುದ್ರಕ್ಕೆ ಸೇರೋ ಹತ್ರ ಒಂದು ಚಿಕ್ಕ ಬೇಟ್ ಇದೆ. ದೋಣಿ ನೋಡು, ಪ್ರಶಾಂತ್ ಅಂಕಲ್ ಹೇಗೆ ಚಲಾಯಿಸ್ತಾರೆ ನೋಡು. ತೂ ಸಮುಂದರ್ ಜಾನ್ತೀ ಹೈ ನಾ? ಆಮೇಲೆ ನೀನು ಬೇಡ ಅಂದ್ರೆ ಬಸ್, ಖತಮ್. ನಾನು ಕೇಳಲ್ಲ” ಎಂದಳು. ಇಷ್ಟು ನ್ಯಾಯವಾಗಿ ಕೇಳಿದರೆ ಯಾವ ತಾಯಿ ತಪ್ಪಿಸಿಕೊಂಡಾಳು! ಹೋಗುವುದು, ಏನಾದರೊಂದು ಹುಳುಕು ತೆಗೆಯುವುದು, ಬೇಡವೆನ್ನುವುದು ಎಂದು ಲೆಕ್ಕ ಹಾಕಿಕೊಂಡು ಅವಳು ಒಪ್ಪಿದಳು.

ಉತ್ತರಾಯಣದ ಗಾಳಿಪಟಗಳು ಇನ್ನೂ ಮರಗಳಿಗೆ ಸಿಕ್ಕಿಕೊಂಡಿದ್ದ ಒಂದು ಭಾನುವಾರ ಬೆಳಗ್ಗೆ ಗಂಡ ಹೆಂಡತಿ, ಮಗಳು, ಪ್ರಶಾಂತ್ ನಾಲ್ವರೂ ನರ್ಮದೆಯ ದಡದಲ್ಲಿ ಸೇರಿದರು. ಶ್ರುತಿಗೆ ಜ್ವರವೆಂದು ಬಂದಿರಲಿಲ್ಲ. ಕಮಲಾಕ್ಷಿಯ ಬುತ್ತಿಯಲ್ಲಿ ಚಿತ್ರಾನ್ನ, ಮಿಡಿ ಉಪ್ಪಿನಕಾಯಿ, ದಾರಿಯಲ್ಲಿ ಕೊಂಡ ಕಡಲೆಹಿಟ್ಟಿನ ಗಾಂಠಿಯಾ. ಪ್ರಶಾಂತ್ ಎಲ್ಲರಿಗೂ ಲೈಫ್ ಜಾಕೆಟ್ ಹಂಚುತ್ತಿದ್ದಾಗ ಗಿರಿಧರ ನಕ್ಕ.

“ನಮಗೆ ಕೊಡಿ ಸ್ವಾಮಿ. ಅವಳಿಗ್ಯಾಕೆ? ಮೀನಿಗೆ ಕೊಡೆ ಹಿಡಿದ ಹಾಗೆ ಆಗ್ತದೆ.”

ಇವರ ಬಾಯಿಗೆ ಬೀಗ ಹಾಕುವವರು ಯಾರಾದರೂ ಇದ್ದಾರೆಯೇ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಕಮಲಾಕ್ಷಿ ಜಾಕೆಟ್ಟನ್ನು ಕಿತ್ತುಕೊಂಡವಳಂತೆ ತೆಗೆದುಕೊಂಡು ಎಲ್ಲ ಪಟ್ಟಿಗಳನ್ನೂ ಬಿಗಿದಳು. ದೋಣಿ ಹತ್ತುವಾಗ ಅದು ಕಾಲಡಿಯಲ್ಲಿ ಸರಕ್ಕನೆ ಜಾರಿತು. ಇಷ್ಟು ಜೀವಂತವಾಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಸಿಕ್ಕಿದ ಹಗ್ಗವನ್ನು ಹಿಡಿದು ಧಪ್ಪನೆ ಕೂತಳು. “ನೋಡಿದ್ರಾ, ಹೆಂಗ್ ಹೋಗಿ ಬರೋಬ್ಬರಿ ಜಾಗದಾಗ ಕೂತ್ರು!” ಎಂದು ಪ್ರಶಾಂತ್ ಮೆಚ್ಚಿದ. ಒಮ್ಮೆ ಹೆಸರು ಬಂದರೆ ಮುಗಿಯಿತು, ಬಿದ್ದರೂ ಅದು ಕಲೆ.

ನದಿ ಇಳಿತದ ಜೊತೆ ಅವರನ್ನು ಕಡಲಿನತ್ತ ಕರೆದೊಯ್ದಿತು. ಹಾಯಿ ಗಾಳಿ ತುಂಬಿಕೊಂಡಾಗ ಮೋಟಾರು ನಿಲ್ಲಿಸಿದರು. ಆಗ ಆದ ನಿಶ್ಶಬ್ದಕ್ಕೆ ಕಮಲಾಕ್ಷಿ ತಲೆ ಎತ್ತಿದಳು. ದೋಣಿಯ ಹೊಟ್ಟೆಗೆ ನೀರು ಉಜ್ಜಿ ಹೋಗುವ ಸದ್ದು ಮಾತ್ರ ಕೇಳುತ್ತಿತ್ತು. ಅಪ್ಪ ಅಣ್ಣಂದಿರು ದಿನಾ ಕೇಳುತ್ತಿದ್ದದ್ದು ಇದೇನೇ? ಮನೆಗೆ ಬಂದು ಒಬ್ಬರಾದರೂ ಹೇಳಿದ್ದರೇ? ಹುಳುಕು ಹುಡುಕಲು ಬಂದವಳು ಹುಡುಕುವುದನ್ನೇ ಮರೆತು ಕೈಯನ್ನು ನೀರಿಗೆ ಇಳಿಬಿಟ್ಟಳು.

ಬೇಟ್ ಮೊದಲು ಒಂದು ಹಸಿರು ಗೆರೆಯಾಗಿ ಕಂಡಿತು. ಆಮೇಲೆ ಗಿಡಗಳಾದವು. “ಅಯ್ಯೋ, ಕಾಂಡ್ಲಾ!” ಎಂದಳು ಕಮಲಾಕ್ಷಿ, ತವರಿನವರನ್ನು ಕಂಡಷ್ಟು ಸಂತೋಷದಿಂದ. ಅವಳ ಊರಿನ ಹೊಳೆ ಅಂಚಿನಲ್ಲೂ ಉಪ್ಪುನೀರಿನ ಇದೇ ಗಿಡಗಳು, ಕೆಸರಿನಿಂದ ಇದೇ ಬೇರುಗಳು ಮೇಲೆದ್ದಿರುತ್ತವೆ. ಗಿಡಗಳ ನಡುವೆ ಒಂದು ಕಾಲುವೆ ಒಳಕ್ಕೆ ಸರಿದಿತ್ತು, ಅದರ ಪಕ್ಕ ಮರಳಿನ ದಿಬ್ಬ. ಪ್ರಶಾಂತ್ ಲಂಗರು ಕೈಯಲ್ಲಿ ಹಿಡಿದು ಅನುಮಾನಿಸಿದ. ಫೋನಿನಲ್ಲಿ ಸಿಗ್ನಲ್ ಹೋಗಿತ್ತು, ಕಲಿತದ್ದು ಜಲಾಶಯದ ವಿದ್ಯೆ.

“ನೀರು ಇನ್ನೂ ಇಳೀತದೇನೋ ಅನ್ನಸ್ತದ್ರಿ ಅಕ್ಕಾರ. ಹೊರಗ ಆಳದಾಗ ನಿಲ್ಲಸೂಣೋ, ಇಲ್ಲೇ ದಂಡಿಗೋ? ನೀವ ಹೇಳ್ರಿ.”

ಮೂವರೂ ಅವಳ ಮುಖ ನೋಡಿದರು. ಕಮಲಾಕ್ಷಿ ಹೊರಗಿನ ಆಳವನ್ನು ನೋಡಿದಳು, ಅಲ್ಲಿಂದ ದಡದವರೆಗಿನ ಕೆಸರನ್ನು ನೋಡಿದಳು, ತನ್ನ ಸೀರೆಯನ್ನು ನೋಡಿಕೊಂಡಳು. ನೀರು ಇಳಿಯುವುದನ್ನು ಅವಳು ಕಾಣದವಳೇ? ಊರಿನಲ್ಲಿ ದಿನಾ ಇಳಿಯುತ್ತಿತ್ತು, ದಿನಾ ಏರುತ್ತಿತ್ತು. ಎಷ್ಟು ಇಳಿದರೂ ಅಂಗಳದಿಂದ ಹಿತ್ತಿಲಿಗೆ ಹೋದಷ್ಟು. ಇಷ್ಟು ಹೊತ್ತಿನ ಮೇಲೆ ಕೊನೆಗೂ ತನಗೆ ಗೊತ್ತಿರುವ ಒಂದು ಪ್ರಶ್ನೆ ಬಂತಲ್ಲ ಎಂದು ಅವಳಿಗೆ ಗೆಲುವಾಯಿತು.

“ಇಲ್ಲೇ ಇರ್ಲಿ ಮಾರಾಯ್ರೆ. ಎಷ್ಟಂತ ಇಳಿದೀತು?” ಎಂದಳು.

ದೋಣಿಯನ್ನು ದಂಡೆಗೆ ಕಟ್ಟಿ ಅವರು ಬೇಟ್ ಹೊಕ್ಕರು. ನೋಡಲು ಏನಿತ್ತು ಎಂದರೆ ಏನೂ ಇರಲಿಲ್ಲ, ಆದರೂ ಕಮಲಾಕ್ಷಿಯ ಕಣ್ಣಿಗೆ ಎಲ್ಲವೂ ಬೇಕಾಗಿತ್ತು. ಕೆಂಪು ಏಡಿಗಳು ಒಂದೇ ದೊಡ್ಡ ಇಕ್ಕಳ ಎತ್ತಿ ಯಾರನ್ನೋ ಕರೆಯುತ್ತಿದ್ದವು. ಮರಳಿನಲ್ಲಿ ಅಗಲವಾದ, ಮೆತ್ತಗೆ ಒತ್ತಿದ ಹೆಜ್ಜೆಗಳು ಕಂಡವು. ಎತ್ತಿನದಲ್ಲ, ಎಮ್ಮೆಯದಲ್ಲ. ಈ ನೀರಿನ ನಡುವೆ ಇದ್ಯಾವ ಪ್ರಾಣಿ, ಬಂದದ್ದಾದರೂ ಹೇಗೆ ಎಂದು ಅವಳು ಬಗ್ಗಿ ಬಗ್ಗಿ ನೋಡಿದಳು. ದ್ವೀಪದ ಆಚೆ ತುದಿ ಹೇಗಿರುತ್ತದೆ ಎಂದು ಕಾಣದೆ ಅವಳ ಜೀವ ನಿಲ್ಲಲಿಲ್ಲ. ಗಿರಿಧರ ಒಂದು ಗಿಡದ ನೆರಳಲ್ಲಿ ಟವೆಲ್ ಹಾಸಿಕೊಂಡ. ಅವಳು ಮಗಳ ಕೈ ಹಿಡಿದು ಪೂರ್ತಿ ಒಂದು ಸುತ್ತು ಹಾಕಿಸಿದಳು.

ಊಟ ಮುಗಿಸಿ ದೋಣಿಯ ಹತ್ತಿರ ಬಂದಾಗ ಸಮುದ್ರ ಇರಲಿಲ್ಲ.

ಕಣ್ಣು ಹಾಯುವಷ್ಟು ದೂರ ಹೊಳೆಯುವ ಕೆಸರು ಮಾತ್ರ. ಗುಜರಾತಿನ ಈ ಕಡಲಿನ ಇಳಿತ ಕುಂದಾಪುರದ ಅಳತೆಯದಾಗಿರಲಿಲ್ಲ. ಕಾಲುವೆ ಇದ್ದ ಜಾಗದಲ್ಲಿ ಒಂದು ಗುಂಡಿ, ಅದರ ಇಳಿಜಾರಿನಲ್ಲಿ ದೋಣಿ ಪಕ್ಕಕ್ಕೆ ವಾಲಿ ಮಲಗಿತ್ತು. ಪ್ರಶಾಂತ್ ಒಂದು ಹೆಜ್ಜೆ ಇಟ್ಟು ಮೊಣಕಾಲವರೆಗೆ ಹುಗಿದು ಕಷ್ಟಪಟ್ಟು ಕಾಲು ಕಿತ್ತುಕೊಂಡ.

“ಅಲ್ಲ, ಅಷ್ಟೂ ನೀರು ಹೋಯ್ತೆಲ್ಲಿ?” ಎಂದಳು ಕಮಲಾಕ್ಷಿ. ಕಡಲ ಕಡೆಯವಳು ಕೇಳುವ ಪ್ರಶ್ನೆಯೇ ಅದು? ಬಾಯಿಂದ ಬಿದ್ದು ಹೋಗಿತ್ತು.

ಸಂಜನಾ ಅಮ್ಮನ ಮುಖ ನೋಡಿದಳು. ಗಿರಿಧರ ಮಾತ್ರ ಅಲುಗಲಿಲ್ಲ. “ಬೇಕಂತಲೇ ಮಾಡವಳೆ ಕಣ್ರೀ! ಬೆಳಗ್ಗೆಯಿಂದ ದೋಣಿಗೂ ಸುಸ್ತಾಗಿರಲ್ವಾ? ಸ್ವಲ್ಪ ಮಲಗಲಿ ಅಂತ. ಇದೆಲ್ಲ ನಮಗೆ ತಿಳಿಯಲ್ಲ ಬಿಡಿ” ಎಂದು ವಿವರಿಸಿದ. ಪ್ರಶಾಂತನಿಗೂ ಹೌದೇನೋ ಎನಿಸಿತು. ಭಕ್ತಿ ಎಂದರೆ ಇದಪ್ಪ!

ಅಪಾಯವೇನೂ ಇರಲಿಲ್ಲ. ನೀರು ಮರಳಿ ಬರಬೇಕು, ಅಲ್ಲಿಯವರೆಗೆ ಕಾಯಬೇಕು, ಅಷ್ಟೆ. ಕಮಲಾಕ್ಷಿ ದಿಬ್ಬದ ಮೇಲೆ ಕೂತು ಯೋಚಿಸಿದಳು. ಬೇಕಾಗಿದ್ದ ಹುಳುಕು ತಾನಾಗಿ ಮಡಿಲಿಗೆ ಬಿದ್ದಿತ್ತು. ‘ಕಂಡ್ಯಾ, ಸಮುದ್ರ ಅಂದ್ರೆ ಹೀಗೆ, ಹೋಗುದು ಬೇಡ’ ಎಂದರೆ ಆಯಿತು. ಮಗಳು ಮಾತಿಗೆ ತಪ್ಪುವವಳಲ್ಲ. ಹೇಳಬೇಕೆಂದು ಅವಳು ಎರಡು ಸಲ ಬಾಯಿ ತೆರೆದಳು. ದೋಣಿಯನ್ನು ಇಲ್ಲಿ ಕಟ್ಟಿಸಿದವಳು ತಾನೇ ಎಂಬ ನಾಚಿಕೆಗೆ ಎರಡು ಸಲವೂ ಮುಚ್ಚಿಕೊಂಡಳು.

ಬಿಸಿಲು ಇಳಿಮುಖವಾದಾಗ ದೂರದ ಕೆಸರಿನ ಮೇಲೆ ಒಂದು ಬಿಳಿ ಗೆರೆ ಕಾಣಿಸಿಕೊಂಡು, ನೋಡುತ್ತಿದ್ದಂತೆ ಹತ್ತಿರವಾಯಿತು. ಕಾಲುವೆಯೊಳಗೆ ನೀರು ನುಗ್ಗಿ ಬಂತು. ಅದು ಸಾಕಷ್ಟು ಏರಿದ ಮೇಲೆ, ಆಚೆ ದಡದ ಕಡೆಯಿಂದ ನೀರಿನ ಮೇಲೆ ಒಂದು ತಲೆ ತೇಲಿಕೊಂಡು ಬಂದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಉದ್ದ ಕತ್ತು, ಜೋಲು ತುಟಿ.

“ಒಂಟೆ! ಸಂಜೂ, ಒಂಟೆ ಈಜ್ತಾ ಉಂಟು! ಹ್ವಾಯ್, ಏಳಿ ಮಾರಾಯ್ರೆ, ಒಂಟೆ ಕಾಣಿ!” ಎಂದು ಕೂಗಿ ಕಮಲಾಕ್ಷಿ ಎದ್ದೇ ಓಡಿದಳು. ಸೀರೆ ಕೆಸರಾದದ್ದು ಅವಳಿಗೆ ಗೊತ್ತಾಗಲಿಲ್ಲ. ಒಂಟೆಗಳು ನಿಧಾನವಾಗಿ ಈಜಿ ಬಂದು, ನೀರು ಸುರಿಸಿಕೊಂಡು ದಡ ಹತ್ತಿ, ಅವಳ ಕಡೆ ತಿರುಗಿಯೂ ನೋಡದೆ ಕಾಂಡ್ಲಾ ಎಲೆ ಮೇಯತೊಡಗಿದವು. ಕೊನೆಯ ಒಂಟೆಯ ಬಾಲ ಹಿಡಿದು ಈಜಿ ಬಂದಿದ್ದ, ಅವನ್ನು ಮೇಯಿಸುವ ಮಾಲ್ಧಾರಿ, ಚಪ್ಪಾಳೆ ತಟ್ಟುತ್ತಿದ್ದ ಈ ಹೆಂಗಸನ್ನು ನೋಡಿ ನಕ್ಕು ಮುಂದೆ ಹೋದ.

ಪಕ್ಕದಲ್ಲಿ ನಿಂತಿದ್ದ ಸಂಜನಾ ಒಂಟೆಗಳನ್ನು ನೋಡುತ್ತಿರಲಿಲ್ಲ. ಅಮ್ಮನನ್ನೇ ನೋಡುತ್ತಿದ್ದಳು.

“ಅಮ್ಮಾ, ಒಂದು ಕೇಳ್ಲಾ? ಸಚ್ ಬೋಲ್ನಾ. ನೀನು ಮೊದಲು ಯಾವಾಗಾದ್ರೂ ದೋಣೀಲಿ ಹೋಗಿದ್ದೀಯಾ? ಇವತ್ತಿಗಿಂತ ಮೊದಲು?”

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಒಬ್ಬರು ಕೇಳಿದ್ದರು.

“ಇಲ್ಲೆ” ಎಂದಳು ಕಮಲಾಕ್ಷಿ.

ಹಿಂದೆಯೇ ಬಂದಿದ್ದ ಗಿರಿಧರನ ಕೈಯಿಂದ ಟವೆಲ್ ಬಿತ್ತು. “ಏನು ಇಲ್ಲ? ದೋಣಿ ಹತ್ತೇ ಇಲ್ವಾ? ನಮ್ಮ ಝೋನಲ್ ಮ್ಯಾನೇಜರಿಗೂ ಹೇಳಿದೀನಲ್ಲೇ ನಾನು!”

“ನಾನು ಹೇಳಿ ಅಂದಿದ್ನಾ?”

ಸಂಜನಾ ಮೊದಲು ನಕ್ಕಳು. ಆಮೇಲೆ ಅವಳ ಮುಖ ಕೆಂಪಾಯಿತು. “ಮತ್ತೆ ಆ ದ್ವೀಪದ ಕಥೆ? ನಿಮ್ಮ ಊರಿನ ಎದುರಿಗೆ ಇದೆಯಲ್ಲ, ಬಂಡೆ, ಪಾರಿವಾಳ, ಸಿಹಿ ನೀರಿನ ಬಾವಿ? ಚಿಕ್ಕವಳಿದ್ದಾಗ ರೋಜ್ ರಾತ್ ಹೇಳ್ತಿದ್ದೆ. ಅದನ್ನು ಕೇಳಿ ಕೇಳಿನೇ ನನಗೆ ದ್ವೀಪ ನೋಡ್ಬೇಕು ಅಂತ ಆಯ್ತು, ಅಮ್ಮಾ!”

“ಅದು ಅಣ್ಣ ಕಂಡು ಬಂದದ್ದು. ನಾನು ಅವನತ್ರ ಕೇಳಿದ್ದು.” ಕಮಲಾಕ್ಷಿಯ ಧ್ವನಿ ಸಣ್ಣದಾಯಿತು. “ಕೇಳಿ ಸಾಕಾಗದೆ ಒಂದಿನ ದೋಣಿಯೊಳಗೆ ಬಲೆ ಅಡಿ ಅಡಗಿ ಕೂತೆ. ಅಜ್ಜಿಗೆ ಕಂಡಿತು. ಕಿವಿ ಹಿಡ್ದು ಊರೆಲ್ಲ ಕಾಣೋ ಹಾಗೆ ಎಳ್ಕಂಡ್ ಬಂದ್ರು. ಹೆಣ್ಣು ಹತ್ತಿದ ದೋಣಿ ಅಂತ ಅವತ್ತು ಅದನ್ನು ನೀರಿಗೇ ಇಳಿಸ್ಲಿಲ್ಲ. ಅಪ್ಪ ಒಂದು ವಾರ ಮಾತಾಡ್ಲಿಲ್ಲ. ಮತ್ತೆ ನಾನು ಆ ದ್ವೀಪದ ಹೆಸರು ಎತ್ತಿದ್ದು ನೀನು ಹುಟ್ಟಿದ ಮೇಲೇ.”

ಕಮಲಾಕ್ಷಿಗೆ ಅಜ್ಜಿಯ ಮೇಲೆ ಅಷ್ಟು ವರ್ಷದ ಸಿಟ್ಟು ಒಮ್ಮೆಲೇ ಉಕ್ಕಿ ಬಂತು. ಬಂದಷ್ಟೇ ಬೇಗ ಅದು ತನ್ನ ಕಡೆಗೇ ತಿರುಗಿತು. ಬೆಳಗ್ಗೆಯಿಂದ ತಾನು ಹೊಂಚು ಹಾಕುತ್ತಿದ್ದದ್ದು ಮತ್ತಿನ್ನೇನು? ಮಗಳ ಕಿವಿಗೆ ಕೈ ಹಾಕುವುದಕ್ಕೇ ತಾನೇ?

ನೀರು ದೋಣಿಯ ಬುಡಕ್ಕೆ ಬಂದಿತ್ತು. ಪ್ರಶಾಂತ್ ಕರೆದ. ಎಲ್ಲರೂ ಹತ್ತಿ, ವಾಲಿದ ಹಲಗೆಯ ಮೇಲೆ ಒಬ್ಬರಿಗೊಬ್ಬರು ಆತುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ದೋಣಿ ಒಮ್ಮೆ ನರಳಿ, ನೆಟ್ಟಗಾಗಿ, ಸದ್ದಿಲ್ಲದೆ ನೆಲ ಬಿಟ್ಟಿತು. ಆ ಬಿಡುಗಡೆ ಕಮಲಾಕ್ಷಿಯ ಬೆನ್ನುಹುರಿಗೆ ತಿಳಿಯಿತು. ಮೇಲ್ಮುಖವಾದ ನೀರು ಅವರನ್ನು ನದಿಯೊಳಕ್ಕೆ ತಳ್ಳಿಕೊಂಡು ಹೊರಟಿತು. ಅವಳ ಬಾಯಿ ಬಿಚ್ಚಿದ್ದೂ ಆಗಲೇ. ಈ ಹಗ್ಗ ಯಾವುದಕ್ಕೆ? ಗಾಳಿ ಎದುರಿಂದ ಬಂದರೆ ಎಂತ ಮಾಡುದು? ಪೀರಮ್‌ನಲ್ಲೂ ಹೀಗೆಯೇ ನೀರು ಓಡಿಹೋಗ್ತದಾ? ದೀಪಸ್ತಂಭದ ಮೇಲೆ ಹತ್ತಲು ಬಿಡ್ತಾರಾ? ಪ್ರಶಾಂತ್ ಚುಕ್ಕಾಣಿ ಹಿಡಿದುಕೊಂಡೇ ಒಂದೊಂದಕ್ಕೂ ಉತ್ತರ ಕೊಟ್ಟ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ. ಹಾಗೆನ್ನುವುದು ಎಷ್ಟು ಸಲೀಸು ಎಂದು ಅವಳಿಗೆ ಆಶ್ಚರ್ಯವಾಯಿತು.

“ಫೆಬ್ರವರಿಯ ದೋಣಿಯಲ್ಲಿ ಇನ್ನೂ ಜಾಗ ಉಂಟಾ?” ಎಂದು ಅವಳು ಕೊನೆಗೆ ಕೇಳಿದಳು.

“ಒಂದ ಅದ್ರಿ ಅಕ್ಕಾರ. ಸಂಜನಾಗಂತ ಇಟ್ಟೇವಿ. ನೀವು ಹೂಂ ಅಂದ್ರ ಆಕಿಗೆ.”

ಒಂದೇ ಜಾಗ. ಕಮಲಾಕ್ಷಿಗೆ ಅದು ತನಗೇ ಬೇಕೆನಿಸಿತು. ಸಣ್ಣ ಮಕ್ಕಳಿಗೆ ಆಗುವಷ್ಟು ಆಸೆ ಆಯಿತು. ಕೇಳಿದರೆ ಕೊಟ್ಟೇ ಬಿಡುತ್ತಾಳೆ ಹುಡುಗಿ, ಅದೂ ಅವಳಿಗೆ ಗೊತ್ತಿತ್ತು. ಸಂಜನಾ ತಲೆ ತಗ್ಗಿಸಿ ಉಗುರು ಕೀಳುತ್ತಿದ್ದಳು. ಈಗ ತಾನಾಗಿ ಕೇಳುವ ಧೈರ್ಯ ಅವಳಿಗಿರಲಿಲ್ಲ.

“ಸಂಜೂ, ಹೋಗು” ಎಂದಳು ಕಮಲಾಕ್ಷಿ. “ನನ್ನ ಕೇಳಿ ಎಂತ ಪ್ರಯೋಜನ? ನನಗೆ ಸಮುದ್ರ ಗೊತ್ತಿಲ್ಲೆ. ನೀನೇ ಕಂಡು ಬಾ.”

ಮಗಳು ದೋಣಿ ತೊನೆಯುವುದನ್ನೂ ಲೆಕ್ಕಿಸದೆ ಎದ್ದು ಬಂದು ತಬ್ಬಿಕೊಂಡಳು. “ಬಂದ್ಮೇಲೆ ಎಲ್ಲಾ ಹೇಳ್ತೀನಿ ಅಮ್ಮಾ! ಫೋಟೋ, ವಿಡಿಯೋ, ಸಬ್ ಕುಛ್. ಒಂದೂ ಬಿಡಲ್ಲ.”

“ಎಂತದೂ ಹೇಳ್ಬೇಡ!” ಕಮಲಾಕ್ಷಿ ಅವಳನ್ನು ದೂರ ತಳ್ಳಿದಳು. ಕಣ್ಣಲ್ಲಿ ನೀರಿತ್ತು, ಆದರೂ ಗದರಿಯೇ ಹೇಳಿದಳು. “ಒಂದು ಮಾತೂ ಹೇಳ್ಬೇಡ, ಒಂದು ಫೋಟೋ ತೋರಿಸ್ಬೇಡ. ಬೇರೆಯವರು ಕಂಡದ್ದನ್ನು ಕೇಳಿ ಕೇಳಿ ನನ್ನ ಅರ್ಧ ಆಯುಷ್ಯ ಮುಗೀತು. ಪ್ರಶಾಂತಾ, ಮುಂದಿನ ವರ್ಷದ್ದು ಜಾಗ ನನ್ನ ಹೆಸರಿಗೆ ಬರ್ಕೊ.”

“ಮತ್ತೆ ನಾನು? ನಾನೇನು ಮಾಡ್ಲಿ ಒಂದು ವಾರ?” ಎಂದು ಗಿರಿಧರ ಗಾಬರಿಯಿಂದ ಕೇಳಿದ.

“ನೀವು ದಡದಲ್ಲಿ ನಿಂತು ಕಾಯಿರಿ” ಎಂದಳು ಕಮಲಾಕ್ಷಿ.